ರಸ್ತೆ ತಿರುವಿನ ಅಡಿಕೆ ಸಿಪ್ಪೆ: ಮಾರುಕಟ್ಟೆ ಗುಡಿಸಿದ್ದೆಷ್ಟು, ಬಿಟ್ಟದ್ದೆಷ್ಟು?

ಸೆಪ್ಟೆಂಬರ್ ಕಳೆದು ಕೊಯ್ಲು ಬಿರುಸಾಗುತ್ತಿದ್ದಂತೆ ಮಲೆನಾಡಿನ ರಸ್ತೆ ಬದಿಗಳಲ್ಲಿ ಅಡಿಕೆ ಸಿಪ್ಪೆಯ ರಾಶಿಗಳು ಏಳುತ್ತವೆ. ನಿನ್ನೆ ಸುರಿದದ್ದು ಹಸಿರು, ವಾರ ಕಳೆದದ್ದು ಕಂದು, ಹೋದ ವರ್ಷದ್ದು ಕಪ್ಪು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಎಂದು ತಾಲ್ಲೂಕು ಬದಲಾದರೂ ನೋಟ ಬದಲಾಗುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಈ ಸಿಪ್ಪೆಯ ಸುತ್ತ ನಡೆದ ಜಗಳ, ರಾಜಿ ಮತ್ತು ಅರ್ಧಂಬರ್ಧ ಪರಿಹಾರವನ್ನು ಇಲ್ಲಿ ಬರೆದಿದ್ದೇನೆ. ಊರಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಎಲ್ಲರೂ ಪರಸ್ಪರ ಮುಖ ನೋಡಬೇಕಾದವರು, ನಾನೂ ಅವರಲ್ಲಿ ಒಬ್ಬ.

ಪ್ರಕರಣವನ್ನು ಒಂದು ವಾದದ ಪಕ್ಕದಲ್ಲಿಟ್ಟು ನೋಡುವ ಉದ್ದೇಶ ನನ್ನದು. ಸರ್ಕಾರ ಕೈ ಹಾಕದೆ ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಪರಿಸರ ತಾನಾಗಿಯೇ ಶುಚಿಯಾಗುತ್ತದೆ ಎಂಬುದು ಆ ವಾದ. ಅದನ್ನು ಹೇಳುವವರು ಮೂರು ಕಾರಣ ಕೊಡುತ್ತಾರೆ. ಒಡೆಯನಿದ್ದ ಆಸ್ತಿಯನ್ನು ಒಡೆಯನೇ ಕಾಯುತ್ತಾನೆ. ತ್ಯಾಜ್ಯವೆಂದರೆ ಕೈತಪ್ಪಿದ ಕಾಸು, ಆದ್ದರಿಂದ ಲಾಭ ಬಯಸುವವನು ಅದನ್ನು ಬಳಸುವ ದಾರಿ ಹುಡುಕುತ್ತಾನೆ. ಕೈಯಲ್ಲಿ ಹಣ ಓಡಾಡಿದ ಮೇಲೆ ಜನ ಒಳ್ಳೆಯ ಗಾಳಿ, ಒಳ್ಳೆಯ ನೀರನ್ನೂ ಬಯಸುತ್ತಾರೆ. ಮೂರರಲ್ಲೂ ಹುರುಳಿದೆ. ನಮ್ಮ ಪಂಚಾಯಿತಿಯಲ್ಲಿ ಮೊದಲೆರಡು ಕೆಲವೆಡೆ ಕೆಲಸ ಮಾಡಿದ್ದನ್ನೂ ಕೆಲವೆಡೆ ಕೈಚೆಲ್ಲಿದ್ದನ್ನೂ ಕಂಡಿದ್ದೇನೆ. ಮೂರನೆಯದು ಮಾತ್ರ ಸಾರಾಸಗಟು ಸೋತಿತು. ಬೇಯಿಸಿ ಒಣಗಿಸಿದ ಕೆಂಪಡಿಕೆಯ ಬಗೆಯಾದ ‘ರಾಶಿ’ ಅಡಿಕೆ ಕ್ವಿಂಟಾಲಿಗೆ 50 ಸಾವಿರ ರೂಪಾಯಿ ದಾಟಿದ ವರ್ಷಗಳಲ್ಲೇ ರಸ್ತೆ ಬದಿಯ ಸಿಪ್ಪೆಯೂ ಹೆಚ್ಚಿತು.

ಸಿಪ್ಪೆ ರಸ್ತೆಗೆ ಬಂದ ಬಗೆ

ಹಿಂದೆ ಅಡಿಕೆ ಸುಲಿಯುವುದು ಮನೆ ಮನೆಯ ಕೆಲಸವಾಗಿತ್ತು. ಹಗಲು ಅಡಿಕೆ ಗೊನೆ ಇಳಿಸಿ ತಂದರೆ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು. ಡಬ್ಬ ಲೆಕ್ಕದಲ್ಲಿ ಕೂಲಿ. ಸಿಪ್ಪೆ ಅಲ್ಲೇ ಬೀಳುತ್ತಿತ್ತು, ಅಲ್ಲಿಂದ ಗೊಬ್ಬರದ ಗುಂಡಿಗೋ ತೋಟದ ಬುಡಕ್ಕೋ ಹೋಗುತ್ತಿತ್ತು. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ಮಲೆನಾಡು ಗಿಡ್ಡ ಹಸುಗಳ ಸೆಗಣಿ ಮತ್ತು ಈ ಸಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಆ ಕಾಲ ಚಿನ್ನದ್ದಾಗಿತ್ತು ಎನ್ನುವವನು ನಾನಲ್ಲ. ನಡುರಾತ್ರಿಯವರೆಗೆ ಕತ್ತಿಯ ಮುಂದೆ ಕುಳಿತ ಹೆಂಗಸರ ಬೆನ್ನು ನೋವನ್ನು ನೋಡಿದವರು ಯಂತ್ರ ಬಂದಾಗ ಅತ್ತಿಲ್ಲ.

ಸುಲಿಯುವವರು ಸಿಗದಂತಾದರು, ಕೂಲಿ ಏರಿತು, ಯಂತ್ರ ಬಂತು. ಯಂತ್ರವನ್ನು ಕೊಳ್ಳಲಾಗದವರು, ಕೊಂಡರೂ ಬೇಯಿಸಿ ಒಣಗಿಸುವ ತಾಪತ್ರಯ ಬೇಡವೆಂದವರು ಹಸಿ ಅಡಿಕೆಯನ್ನೇ ಚೇಣಿಗೆ ಕೊಡಲಾರಂಭಿಸಿದರು. ಮಕ್ಕಳು ಬೆಂಗಳೂರಿನಲ್ಲಿದ್ದು, ಮನೆಯಲ್ಲಿ ಇಬ್ಬರೇ ವಯಸ್ಸಾದವರಿದ್ದರೆ ಬೇರೆ ದಾರಿಯಾದರೂ ಯಾವುದು? ಚೇಣಿದಾರ ಮರದ ಮೇಲಿನ ಫಸಲಿಗೇ ಬೆಲೆ ಕಟ್ಟುತ್ತಾನೆ ಅಥವಾ ತೂಕದ ಮೇಲೆ ಒಯ್ಯುತ್ತಾನೆ. ತನ್ನ ಕಣದಲ್ಲಿ ಸುಲಿದು, ಹಂಡೆಯಲ್ಲಿ ಚೊಗರು (ಅಡಿಕೆಯ ಒಗರು ರಸ) ಹಾಕಿ ಬೇಯಿಸಿ, ಒಣಗಿಸಿ, ಶಿವಮೊಗ್ಗ ಮಂಡಿಗೆ ಕಳಿಸುತ್ತಾನೆ.

ಈ ಪ್ರಕರಣದ ಚೇಣಿದಾರರ ಕಣ ಊರ ಹೊರಗೆ, ರಸ್ತೆಗೆ ತಾಗಿಕೊಂಡಂತಿದೆ. ಸಂಜೆ ಆರರ ಹೊತ್ತಿಗೆ ಪಿಕಪ್ ವಾಹನಗಳು ಬರುತ್ತವೆ. ಗೊನೆಯಿಂದ ಬಿಡಿಸಿದ ಹಸಿ ಅಡಿಕೆಯನ್ನು ಯಂತ್ರದ ಬಾಯಿಗೆ ಸುರಿದರೆ ಒಂದು ಕಡೆ ಸುಲಿದ ಅಡಿಕೆ, ಇನ್ನೊಂದು ಕಡೆ ಸಿಪ್ಪೆ. ಸಿಪ್ಪೆ ಬೀಳುವ ಕಡೆ ನಾಲ್ಕೈದು ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಅದರಲ್ಲಿ ಸೇರಿಹೋದ ಅರೆಸುಲಿದ ಅಡಿಕೆಯನ್ನು ಹೆಕ್ಕುತ್ತಾರೆ. ಅವರ ಬೆರಳುಗಳು ಚೊಗರಿಗೆ ಕಪ್ಪಾಗಿ, ಕೊಯ್ಲು ಮುಗಿದು ವಾರಗಟ್ಟಲೆ ಕಳೆದರೂ ಬಣ್ಣ ಬಿಡುವುದಿಲ್ಲ. ಸಿಪ್ಪೆಯೊಳಗೆ ಒಂದೇ ಒಂದು ಅಡಿಕೆ ಉಳಿದರೂ ಚೇಣಿದಾರರ ಕಣ್ಣು ಅಲ್ಲಿಗೆ ಹೋಗುತ್ತದೆ. ಆ ಒಂದನ್ನೂ ಹೆಕ್ಕಿಸಿದ ಮೇಲೆ ಉಳಿದ ರಾಶಿಯನ್ನು ಟ್ರ್ಯಾಕ್ಟರಿಗೆ ತುಂಬಿ ಕತ್ತಲಲ್ಲಿ ಎಲ್ಲಿಗೆ ಕಳಿಸಿದರೆಂದು ಅವರೂ ಕೇಳುವುದಿಲ್ಲ, ಚಾಲಕನೂ ಹೇಳುವುದಿಲ್ಲ.

ಸಿಪ್ಪೆಯ ಲೆಕ್ಕ

ಹಸಿ ಅಡಿಕೆಯ ತೂಕದಲ್ಲಿ ಶೇ 60ಕ್ಕಿಂತ ಹೆಚ್ಚು ಪಾಲು ಸಿಪ್ಪೆಯದ್ದೇ. ಒಂದು ಕ್ವಿಂಟಾಲ್ ಹಸಿ ಅಡಿಕೆಯಿಂದ ಕೈಗೆ ಬರುವ ಒಣ ಅಡಿಕೆ 12ರಿಂದ 14 ಕಿಲೋ. ಮಂಡಿಗೆ ಹೋಗುವ ಪ್ರತಿ ಕಿಲೋ ಅಡಿಕೆಯ ಹಿಂದೆ ನಾಲ್ಕೈದು ಕಿಲೋ ಹಸಿ ಸಿಪ್ಪೆ ಮಲೆನಾಡಿನಲ್ಲೇ ಉಳಿಯುತ್ತದೆ ಎಂದಾಯಿತು. ನೂರಾರು ಅಂಗಳಗಳಲ್ಲಿ ಹಂಚಿಹೋಗುತ್ತಿದ್ದಾಗ ಇದು ಗೊಬ್ಬರವಾಗಿತ್ತು. ಒಂದೇ ಕಣದಲ್ಲಿ ಕೂಡಿಬಿದ್ದಾಗ ಕಸವಾಯಿತು.

ಹಾಗಾದರೆ ಸಿಪ್ಪೆಗೆ ಬೆಲೆಯೇ ಇಲ್ಲವೇ? ಇದೆ. ಅದರಲ್ಲಿ ಪೊಟ್ಯಾಷ್ ಇದೆ, ಸಾವಯವ ಇಂಗಾಲವಿದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಕೃಷಿ ವಿಜ್ಞಾನಿಗಳ ಶಿಫಾರಸು; ಜೊತೆಗೆ 12 ಕಿಲೋ ಹಸಿರೆಲೆ, ಅಷ್ಟೇ ಕಾಂಪೋಸ್ಟ್. ಮರ ಕೇಳುವುದರಲ್ಲಿ ಪೊಟ್ಯಾಷಿನದೇ ದೊಡ್ಡ ಪಾಲು, ಅದನ್ನು ನಾವು ಹೆಚ್ಚುಕಡಿಮೆ ಪೂರ್ತಿ ಹೊರದೇಶದಿಂದ ತರಿಸಿಕೊಳ್ಳುತ್ತೇವೆ. ಹಾಗಿದ್ದೂ ತೋಟದಿಂದಲೇ ಹೊರಟ ಪೊಟ್ಯಾಷನ್ನು ರಸ್ತೆಗೆ ಸುರಿದು, ಹಡಗಿನಲ್ಲಿ ಬಂದದ್ದನ್ನು ಚೀಲದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಹೊರಗಿನವರಿಗೆ ಇದು ಮೂರ್ಖತನವಾಗಿ ಕಂಡೀತು. ಒಳಗಿನ ಲೆಕ್ಕ ಬೇರೆ.

ಸಿಪ್ಪೆ ನಾರಿನ ವಸ್ತು, ಗಿಡವನ್ನು ಗಟ್ಟಿಯಾಗಿಸುವ ಲಿಗ್ನಿನ್ ಹೆಚ್ಚು, ಬೇಗ ಕೊಳೆಯುವುದಿಲ್ಲ. ಗುಂಡಿಯಲ್ಲಿ ಪದರ ಪದರವಾಗಿ ಹರಡಿ, ಸೆಗಣಿ ಬಗ್ಗಡ ಎರೆದು, ಟ್ರೈಕೋಡರ್ಮಾದಂಥ ಶಿಲೀಂಧ್ರ ಸೇರಿಸಿ, ಆಗಾಗ ಮಗುಚಿ, ತಿಂಗಳುಗಟ್ಟಲೆ ಕಾಯಬೇಕು. ಸೆಗಣಿ ಎಲ್ಲಿಂದ ಬರಬೇಕು? ಕೊಟ್ಟಿಗೆಗಳೇ ಕಾರು ನಿಲ್ಲಿಸುವ ಶೆಡ್ಡುಗಳಾಗಿವೆ. ಹಸಿ ಸಿಪ್ಪೆಯಲ್ಲಿ ನೀರೇ ಬಹಳ, ಟ್ರ್ಯಾಕ್ಟರ್ ತುಂಬಿದರೂ ಸಾರ ಸ್ವಲ್ಪ, ಅದನ್ನು ಏಳೆಂಟು ಕಿಲೋಮೀಟರ್ ಹೊತ್ತು ತೋಟದೊಳಗೆ ಹರಡಲು ಆಳಿನ ಕೂಲಿ ಬೇರೆ. ಇದರ ಎದುರಿಗೆ 45 ಕಿಲೋ ಯೂರಿಯಾ ಚೀಲ ಸಬ್ಸಿಡಿಯ ದಯೆಯಿಂದ 270 ರೂಪಾಯಿಯೊಳಗೆ ಸೊಸೈಟಿಯಲ್ಲಿ ಸಿಗುತ್ತದೆ. ಯಾವ ಬೆಳೆಗಾರ ಸಿಪ್ಪೆ ಹೊರುತ್ತಾನೆ?

ಮಾರುಕಟ್ಟೆವಾದಿಗಳಿಗೆ ಇಲ್ಲಿ ಒಂದು ಅಂಕ ಕೊಡಲೇಬೇಕು. ಸರ್ಕಾರ ಯೂರಿಯಾದ ಬೆಲೆಯನ್ನು ಕೃತಕವಾಗಿ ಇಳಿಸಿರದಿದ್ದರೆ ಸಿಪ್ಪೆ ಗೊಬ್ಬರ ಇಷ್ಟು ನಿಕೃಷ್ಟವಾಗುತ್ತಿರಲಿಲ್ಲ. ಆದರೆ ಸಿಪ್ಪೆಯ ಎದುರು ಇನ್ನೊಂದು ಪುಕ್ಕಟೆ ಸರಕೂ ನಿಂತಿದೆ, ಅದರ ಬಗ್ಗೆ ಅವರು ಹೆಚ್ಚು ಮಾತನಾಡುವುದಿಲ್ಲ: ರಸ್ತೆಯ ಬದಿ. ಅಲ್ಲಿ ಸುರಿಯಲು ಬಾಡಿಗೆ ಇಲ್ಲ. ಸಿಪ್ಪೆಯನ್ನು ಗೊಬ್ಬರ ಮಾಡುವ ಖರ್ಚನ್ನು ಹೋಲಿಸಬೇಕಾದದ್ದು ಸುರಿಯುವ ಖರ್ಚಿನ ಜೊತೆ. ಸುರಿಯುವ ಖರ್ಚು ಒಂದೆರಡು ಲೀಟರ್ ಡೀಸೆಲ್ ಆಗಿರುವವರೆಗೆ ಬೇರೆ ಯಾವ ದಾರಿಯೂ ಗೆಲ್ಲುವುದಿಲ್ಲ.

ಹಳ್ಳದ ರಾಶಿ

ಚೇಣಿದಾರರು ಸುರಿಯುತ್ತಿದ್ದುದು ಎರಡು ಕಡೆ. ಒಂದು, ಕಣದ ಹಿಂದಿನ ಇಳಿಜಾರು. ಅದರ ಬುಡದಲ್ಲಿ ಒಂದು ಹಳ್ಳ, ಹಳ್ಳದ ಕೆಳಗೆ ಒಬ್ಬ ಹಿರಿಯ ಬೆಳೆಗಾರರ ತೋಟ. ಅವರ ಮನೆಗೂ ತೋಟಕ್ಕೂ ಆ ಹಳ್ಳದ ಅಬ್ಬಿಯಿಂದಲೇ ನೀರು. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ.

ಹಿಂಗಾರಿನ ಮಳೆ ಬಿದ್ದಾಗ ರಾಶಿಯ ಅಡಿಯಿಂದ ಚೊಗರು ಇಳಿಯಲು ಶುರುವಾಯಿತು. ಚೊಗರೆಂದರೆ ಟ್ಯಾನಿನ್. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಧಾರಾಳ. ಎರಡೂ ಕೂಡಿದರೆ ಹುಟ್ಟುವುದು ಮಸಿ, ಹಳೆಯ ಕಾಲದ ಬರೆಯುವ ಶಾಯಿಯ ರಸಾಯನವೇ ಇದು. ಹಂಡೆಗೆ ಹಿಡಿದ ನೀರು ಬೆಳಿಗ್ಗೆ ಕಂದಾಗಿದ್ದು ಸಂಜೆಗೆ ಕಪ್ಪಾಗುತ್ತಿತ್ತು. ಬಿಳಿ ಪಂಚೆ ಒಗೆದರೆ ಬೂದಿ ಬಣ್ಣ. ಹಳ್ಳದ ಗುಂಡಿಗಳಲ್ಲಿ ಕೊಳೆಯುವ ಸಿಪ್ಪೆ ನೀರಿನ ಆಮ್ಲಜನಕವನ್ನು ಹೀರಿ, ಏಡಿ ಮೀನುಗಳು ಕಾಣದಾದವು.

ಹಿರಿಯರು ದೂರು ಬರೆಯಲಿಲ್ಲ. ಸೀದಾ ಕಣಕ್ಕೆ ಹೋದರು. ಅಲ್ಲಿ ನಡೆದ ಮಾತು ಊರಿನಲ್ಲಿ ಎಲ್ಲರಿಗೂ ಗೊತ್ತು.

“ನಿಮ್ಮ ಸಿಪ್ಪೆ ನಮ್ಮ ಹಂಡೆಗೆ ಬಂದಿದೆ ಮಾರಾಯರೇ. ತೆಗೆಸುತ್ತೀರೋ, ನಾನು ಈ ಸಲದ ಫಸಲನ್ನು ಬೇರೆಯವರಿಗೆ ಕೊಡಲೋ?”

“ನೀವು ಹಾಗೆಲ್ಲ ಹೇಳಬಾರದು ಅಯ್ಯ. ತೆಗೆಸುತ್ತೇನೆ. ಆದರೆ ಎಲ್ಲಿಗೆ ಹಾಕಲಿ, ಅದನ್ನೂ ನೀವೇ ಹೇಳಿ.”

ರಾಜಿ ಎರಡೇ ದಿನದಲ್ಲಿ ಮುಗಿಯಿತು. ಹಿರಿಯರ ತೋಟದ ಅಂಚಿನಲ್ಲಿ ಹಳೆಯ ಮಣ್ಣು ತೆಗೆದ ಗುಂಡಿಯೊಂದಿತ್ತು. ಹಳ್ಳದ ಬದಿಯ ಸಿಪ್ಪೆಯನ್ನೆಲ್ಲ ಚೇಣಿದಾರರ ಖರ್ಚಿನಲ್ಲೇ ಅಲ್ಲಿಗೆ ಸಾಗಿಸುವುದು, ಮುಂದೆ ಈ ತೋಟದಿಂದ ಹೋದ ಅಡಿಕೆಯ ಸಿಪ್ಪೆ ಇದೇ ತೋಟಕ್ಕೆ ಮರಳುವುದು, ಬದಲಿಗೆ ಹಿರಿಯರು ಫಸಲಿನ ಬೆಲೆಯಲ್ಲಿ ಸ್ವಲ್ಪ ಬಿಡುವುದು. ಪೊಲೀಸರಿಲ್ಲ, ನೋಟಿಸ್ ಇಲ್ಲ, ಕಾಗದದ ತುಣುಕೂ ಇಲ್ಲ.

ಅರ್ಥಶಾಸ್ತ್ರ ಓದಿದವರಿಗೆ ಇಲ್ಲಿ ರೊನಾಲ್ಡ್ ಕೋಸ್ ನೆನಪಾಗಬೇಕು. 1991ರಲ್ಲಿ ನೊಬೆಲ್ ಪಡೆದ ಈ ಅರ್ಥಶಾಸ್ತ್ರಜ್ಞ 1960ರಲ್ಲಿ ಮುಂದಿಟ್ಟ ವಿಚಾರ ಇದು: ಹಕ್ಕು ಯಾರದೆಂಬುದು ಸ್ಪಷ್ಟವಿದ್ದು, ಚೌಕಾಸಿಗೆ ಹೆಚ್ಚು ಖರ್ಚಾಗದಿದ್ದರೆ, ಮಾಲಿನ್ಯ ಮಾಡುವವರೂ ಅದರಿಂದ ನೊಂದವರೂ ಕುಳಿತು ಮಾತನಾಡಿ ಬಗೆಹರಿಸಿಕೊಳ್ಳಬಲ್ಲರು. ಹಳ್ಳದ ಬದಿಯಲ್ಲಿ ಅದು ಅಕ್ಷರಶಃ ನಡೆಯಿತು. ಹಾನಿಯಾದವರು ಒಬ್ಬರೇ, ಹಾನಿ ಮಾಡಿದವರೂ ಒಬ್ಬರೇ, ಕಪ್ಪು ನೀರು ಯಾರ ರಾಶಿಯಿಂದ ಬಂತೆಂಬುದರಲ್ಲಿ ಅನುಮಾನವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹಿರಿಯರ ಕೈಯಲ್ಲಿ ಒಂದು ಹಿಡಿತವಿತ್ತು, ಅವರ ತೋಟದ ಫಸಲು. ಅದೇ ಹಳ್ಳದ ಕೆಳಗೆ ತೋಟವಿಲ್ಲದ ಕೂಲಿಯವರ ನಾಲ್ಕು ಮನೆಗಳಿದ್ದು, ಅವರು ಹೋಗಿ ಕೇಳಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತೇ? ನನಗೆ ನಂಬಿಕೆಯಿಲ್ಲ. ಚೌಕಾಸಿಗೆ ಕೂರಲು ಕೈಯಲ್ಲಿ ಏನಾದರೂ ಇರಬೇಕು.

ತಿರುವಿನ ರಾಶಿ

ಎರಡನೆಯ ಜಾಗ ಊರಿನಿಂದ ಮುಖ್ಯರಸ್ತೆಗೆ ಹೋಗುವ ದಾರಿಯ ತಿರುವು. ಒಂದು ಬದಿ ಎತ್ತರದ ಮಣ್ಣಿನ ಧರೆ, ಇನ್ನೊಂದು ಬದಿ ಕಾಡಿಗೆ ಇಳಿಯುವ ಪ್ರಪಾತ. ಹಳ್ಳದ ಬದಿ ಮುಚ್ಚಿದ ಮೇಲೆ ಅಲ್ಲಿ ಬೀಳುತ್ತಿದ್ದುದೂ ಇಲ್ಲಿಗೇ ಬಂತು. ಹಿರಿಯರ ಗುಂಡಿಗೆ ಹೋದದ್ದು ಅವರ ತೋಟದ ಪಾಲು ಮಾತ್ರ. ಒಬ್ಬರ ರಾಶಿ ಕಂಡ ಮೇಲೆ ಇತರರಿಗೂ ಧೈರ್ಯ. ಮನೆಯಲ್ಲೇ ಸಣ್ಣ ಯಂತ್ರ ಇಟ್ಟುಕೊಂಡವರು, ಪಕ್ಕದೂರಿನವರು, ಕೊನೆಗೆ ಕೋಳಿ ಅಂಗಡಿಯವರು ಕೂಡ ತಂದು ಸುರಿದರು.

ಹಾನಿ ಯಾರಿಗೆ ಎಂದು ಕೇಳಿದರೆ ಎಲ್ಲರಿಗೂ ಚೂರು ಚೂರು. ಹಸಿ ಸಿಪ್ಪೆ ಟಾರಿಗೆ ಜಾರಿ ಬಂದು ಬೈಕಿನವರು ಬಿದ್ದರು. ಶಾಲೆಗೆ ನಡೆದು ಹೋಗುವ ಮಕ್ಕಳು ಮೂಗು ಮುಚ್ಚಿಕೊಂಡರು. ಚರಂಡಿ ಕಟ್ಟಿ ಮಳೆ ನೀರು ರಸ್ತೆಯ ಮೇಲೆ ಹರಿದು ಡಾಂಬರು ಕಿತ್ತಿತು. ಫೆಬ್ರವರಿ ಹೊತ್ತಿಗೆ ಮೇಲ್ಪದರ ಒಣಗಿದಾಗ ಯಾರೋ ಬೆಂಕಿ ಇಟ್ಟರು. ಒಳಗೆ ಹಸಿ ಇದ್ದ ರಾಶಿ ಉರಿಯದೆ ದಿನಗಟ್ಟಲೆ ಹೊಗೆಯಾಡಿತು. ಬೆಳಗಿನ ಇಬ್ಬನಿಯಲ್ಲಿ ಆ ಹೊಗೆ ಕಣಿವೆ ಬಿಟ್ಟು ಮೇಲೇಳದೆ, ಆಸ್ತಮಾ ಇದ್ದವರು ಮನೆ ಬಿಟ್ಟು ನೆಂಟರ ಮನೆ ಸೇರಿದರು.

ಇಷ್ಟಾದರೂ ಕಣಕ್ಕೆ ಹೋಗಿ “ತೆಗೆಸುತ್ತೀರೋ ಇಲ್ಲವೋ” ಎಂದು ಕೇಳುವವರು ಒಬ್ಬರೂ ಹುಟ್ಟಲಿಲ್ಲ. ಯಾರಿಗೂ ಆದ ನಷ್ಟ ಜಗಳ ಕಟ್ಟಿಕೊಳ್ಳುವಷ್ಟು ದೊಡ್ಡದಲ್ಲ. ಜೊತೆಗೆ ರಾಶಿಯಲ್ಲಿ ಯಾರ ಪಾಲೆಷ್ಟೆಂದು ಹೇಳುವವರು ಯಾರು? ಕೇಳಿದರೆ ಚೇಣಿದಾರರದು ಒಂದೇ ಉತ್ತರ: “ನಾನೊಬ್ಬನೇ ಹಾಕಿದ್ದೇನೆಯೇ?” ಆ ಮಾತು ಸುಳ್ಳೂ ಆಗಿರಲಿಲ್ಲ. ರಸ್ತೆಯವರನ್ನು ಕೇಳಿದರೆ ಕಾಡಿನ ಜಾಗ ಎಂದರು, ಕಾಡಿನವರು ರಸ್ತೆಯ ಅಂಚು ಎಂದರು, ಪಂಚಾಯಿತಿಯಲ್ಲಿ ಎರಡೂ ಅಲ್ಲ ಎಂಬಂತೆ ತಲೆಯಾಡಿಸಿದರು.

ಒಡೆತನ ಸ್ಪಷ್ಟಪಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮಾರುಕಟ್ಟೆವಾದಿಗಳು. ತಿರುವನ್ನು ಯಾರಿಗಾದರೂ ಮಾರಿಬಿಡಿ, ಅವನು ಕಾಯುತ್ತಾನೆ ಎಂದು ನನ್ನ ಸ್ನೇಹಿತರೊಬ್ಬರು ಗಂಭೀರವಾಗಿಯೇ ಹೇಳಿದರು. ಜಾಗ ಮಾರಬಹುದು. ಕಣಿವೆಯ ಹೊಗೆಯನ್ನು ಯಾರ ಹೆಸರಿಗೆ ಖಾತೆ ಮಾಡಿಸುವುದು? ಜಾಗ ಕೊಂಡವನು ತಾನೇ ದುಡ್ಡು ಪಡೆದು ಸಿಪ್ಪೆ ಸುರಿಸಿಕೊಂಡು ಬೆಂಕಿ ಹಚ್ಚಿದರೆ, ಅದು ಅವನ ಆಸ್ತಿಯ ಸದುಪಯೋಗವೇ ಆಗುತ್ತದಲ್ಲ.

ಹಾಳೆಗೆ ಬಂದ ಬೆಲೆ

ಅದೇ ಮರದ ಇನ್ನೊಂದು ಉಪವಸ್ತು ಹಾಳೆ, ಅಂದರೆ ಸೋಗೆಯ ಬುಡದ ಅಗಲ ಪೊರೆ. ಅದು ಇದೇ ಊರಿನಲ್ಲಿ ಬೇರೆಯದೇ ದಾರಿ ಹಿಡಿಯಿತು. ಹಿಂದೆ ಹಾಳೆ ದನದ ಬಾಯಿಗೆ, ಇಲ್ಲವೆಂದರೆ ಹಾಳೆಟೋಪಿಗೆ, ಉಳಿದದ್ದು ತೋಟದಲ್ಲೇ ಕೊಳೆಯುತ್ತಿತ್ತು. ಈಗ ತಟ್ಟೆ ಮಾಡುವ ಸಣ್ಣ ಘಟಕಗಳವರು ಹಾಳೆಯನ್ನು ಎಣಿಸಿ ಕೊಳ್ಳುತ್ತಾರೆ. ಬೇಸಿಗೆಯಲ್ಲಿ ಉದುರಿದ ಹಾಳೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿಯುವ ಮುನ್ನ ಹೆಕ್ಕಿ ಒಣಗಿಸಿ ಕಟ್ಟು ಕಟ್ಟಬೇಕು. ಊರಿನ ಹೆಂಗಸರ ಸ್ವಸಹಾಯ ಸಂಘಕ್ಕೆ ಇದರಿಂದ ಕೈಕಾಸು. ನೀರಿನಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ, ರಾಸಾಯನಿಕ ಬೇಡ. ಚೊಗರಿಗೂ ಇಂಥದೇ ಒಂದು ಗತಿ ಸಿಕ್ಕಿದೆ: ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರಿ ಸಂಘದವರು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಹಾಕುತ್ತಾರೆ.

ಇವನ್ನು ಮಾರುಕಟ್ಟೆಯ ಗೆಲುವೆಂದೇ ಒಪ್ಪುತ್ತೇನೆ. ಯಾವ ಅಧಿಕಾರಿಯೂ ಹಾಳೆ ಹೆಕ್ಕಿ ಎಂದು ಆದೇಶ ಹೊರಡಿಸಲಿಲ್ಲ. ಹಾಳೆ ಒಣಗಿದರೆ ಹಗುರ, ಸಾಗಿಸಲು ಸುಲಭ, ಕೊಳ್ಳುವವರು ಹತ್ತಿರದಲ್ಲೇ ಇದ್ದಾರೆ. ಸಿಪ್ಪೆಗೆ ಈ ಮೂರೂ ಇಲ್ಲ.

ಆದರೆ ತಟ್ಟೆಗೆ ಬೇಡಿಕೆ ಹುಟ್ಟಿದ್ದು ಮಾರುಕಟ್ಟೆಯ ಹೊಟ್ಟೆಯಿಂದಲೇ ಎಂದುಕೊಂಡರೆ ಅರ್ಧ ಕಥೆಯಷ್ಟೇ ಆಗುತ್ತದೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಚಮಚಗಳ ಮೇಲೆ ದೇಶವ್ಯಾಪಿ ನಿಷೇಧ ಬಂತು. ನಿಷೇಧ ಎಷ್ಟು ಜಾರಿಯಾಗಿದೆಯೆಂದು ನಮ್ಮ ಯಾವುದೇ ಜಾತ್ರೆಯ ಮರುದಿನ ನೋಡಿದರೆ ತಿಳಿಯುತ್ತದೆ, ಆ ಮಾತು ಬೇರೆ. ಆದರೂ ಮದುವೆ ಛತ್ರಗಳಲ್ಲಿ, ಹೋಟೆಲುಗಳಲ್ಲಿ ಹಾಳೆ ತಟ್ಟೆ ಕಾಣಿಸಿಕೊಳ್ಳಲು ಆ ಕಾನೂನಿನ ತಳ್ಳುವಿಕೆ ಕಾರಣ. ಹಾಗೆಯೇ ದೂರದ ಕಾನೂನೊಂದು ಇದಕ್ಕೆ ಕೊಕ್ಕೆಯನ್ನೂ ಹಾಕಿತು: 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಆರೋಗ್ಯದ ಕಾರಣ ಕೊಟ್ಟು ಅಡಿಕೆ ಹಾಳೆಯ ತಟ್ಟೆಗಳ ಆಮದನ್ನು ತಡೆಯಿತು. ರಫ್ತು ಘಟಕಗಳ ಗತಿ ಕಂಡು ಇಲ್ಲಿ ಹಾಳೆ ಹೆಕ್ಕುವವರೂ ಚಿಂತೆಗೆ ಬಿದ್ದರು.

ಈ ಮಾರುಕಟ್ಟೆ ಎಷ್ಟು ಮುಕ್ತ?

ಅಡಿಕೆ ವಹಿವಾಟನ್ನೇ ಮುಕ್ತ ಮಾರುಕಟ್ಟೆಯ ಉದಾಹರಣೆಯಾಗಿ ತೆಗೆದುಕೊಳ್ಳುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆಕ್ಷೇಪ ನ್ಯಾಯವಾದದ್ದೇ. ಹೊರದೇಶದ ಅಡಿಕೆಗೆ ಶೇ 100ರಷ್ಟು ಆಮದು ಸುಂಕವಿದೆ. ಅದರ ಮೇಲೆ ಕನಿಷ್ಠ ಆಮದು ಬೆಲೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಗೊಬ್ಬರಕ್ಕೆ ಸಬ್ಸಿಡಿ. ಗಡಿಯಲ್ಲಿ ಸರ್ಕಾರ ಬೇಲಿ ಹಾಕಿ ಬೆಲೆ ಕಾದದ್ದರಿಂದಲೇ ಗದ್ದೆಗಳು ಅಡಿಕೆ ತೋಟಗಳಾದವು, ತೋಟ ಹೆಚ್ಚಿದಷ್ಟೂ ಸಿಪ್ಪೆ ಹೆಚ್ಚಿತು. ಬೆಲೆ ಕುಸಿದಾಗ ಸರ್ಕಾರ ಬರಲಿ ಎಂದು ಮೆರವಣಿಗೆ ಹೋಗುವ ನಾವೇ, ಸಿಪ್ಪೆಯ ಮಾತು ಬಂದಾಗ “ಇದರಲ್ಲಿ ಸರ್ಕಾರಕ್ಕೇನು ಕೆಲಸ” ಎನ್ನುತ್ತೇವೆ. ಚೇಣಿದಾರರೂ ಹಾಗೆಯೇ, ಬೆಳೆಗಾರರೂ ಹಾಗೆಯೇ.

ಸರಪಳಿಯ ಆ ತುದಿಯೂ ಇದೇ ಕಥೆ. ರಾಶಿ ಅಡಿಕೆಯ ದೊಡ್ಡ ಪಾಲು ಹೋಗುವುದು ಪಾನ್ ಮಸಾಲೆ, ಗುಟ್ಕಾ ತಯಾರಕರಿಗೆ. ಗುಟ್ಕಾವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಬಾರದೆಂದು ಸುಪ್ರೀಂ ಕೋರ್ಟ್ ಹೇಳಿ, ಅದು 2011ರ ಮಾರ್ಚಿನಿಂದ ಜಾರಿಗೆ ಬಂತು. ಪೊಟ್ಟಣದ ಕಸಕ್ಕೆ ತಯಾರಕನೂ ಕಾಸು ಕೊಟ್ಟಿರಲಿಲ್ಲ, ಜಗಿಯುವವನೂ ಕೊಟ್ಟಿರಲಿಲ್ಲ. ನ್ಯಾಯಾಲಯ ಹೇಳುವವರೆಗೆ ಪೊಟ್ಟಣ ಬದಲಿಸುವ ಗರಜು ಯಾರಿಗೂ ಬಿದ್ದಿರಲಿಲ್ಲ.

ಇಷ್ಟು ಓದಿ, ಹಾಗಾದರೆ ಎಲ್ಲವನ್ನೂ ಸರ್ಕಾರಕ್ಕೇ ಒಪ್ಪಿಸಿದರೆ ಆಯಿತಲ್ಲ ಎನ್ನುವವರು ಭದ್ರಾ ನದಿಯ ದಂಡೆಗೆ ಒಮ್ಮೆ ಹೋಗಿ ಬರಬೇಕು. ಕುದುರೆಮುಖದಲ್ಲಿ ಭದ್ರೆಯ ಒಡಲಿಗೆ ಅದಿರಿನ ಹೂಳು ಇಳಿಸಿದ್ದು ಕೇಂದ್ರ ಸರ್ಕಾರದ್ದೇ ಕಂಪನಿ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು, 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಹೆಮ್ಮೆ. ಅದರ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ. ಅಲ್ಲಿಯದೇ ಸರ್ಕಾರಿ ಕಾಗದ ಕಾರ್ಖಾನೆಗಾಗಿ ಎದ್ದ ಅಕೇಶಿಯಾ ನೆಡುತೋಪುಗಳ ವಿರುದ್ಧ ಮಲೆನಾಡಿನವರು ಇಂದಿಗೂ ಹೋರಾಡುತ್ತಿದ್ದಾರೆ. ಒಡೆಯ ಸರ್ಕಾರವೋ ಖಾಸಗಿಯೋ ಎಂಬುದು ನದಿಗೆ ಗೊತ್ತಾಗುವುದಿಲ್ಲ. ಕೊಳೆ ಸುರಿದವನ ಜೇಬಿನಿಂದ ಅದರ ಖರ್ಚು ಹೋಗುತ್ತದೆಯೋ ಇಲ್ಲವೋ, ನಾನು ಕೇಳುವ ಪ್ರಶ್ನೆ ಅಷ್ಟೇ.

ಪಂಚಾಯಿತಿಯ ಠೇವಣಿ

ಹೊಗೆಯ ವರ್ಷದ ಗ್ರಾಮಸಭೆ ಬಿಸಿಯಾಗಿತ್ತು. ಸಿಪ್ಪೆ ಹಾಕಿದವರಿಗೆ ದಂಡ ಎಂಬ ಫಲಕ ಅಷ್ಟರಲ್ಲಾಗಲೇ ತಿರುವಿನಲ್ಲಿ ನಿಂತಿತ್ತು, ಅದರ ಕಾಲಿನವರೆಗೆ ಸಿಪ್ಪೆಯೂ ಬಂದಿತ್ತು. ರಾತ್ರಿ ಸುರಿಯುವವನನ್ನು ಹಿಡಿಯುವವರು ಯಾರು?

ಪರಿಹಾರ ಸೂಚಿಸಿದ್ದು ಹಿಂದೆ ಸೊಸೈಟಿಯಲ್ಲಿ ಗುಮಾಸ್ತೆಯಾಗಿದ್ದ ಒಬ್ಬರು. ಸುರಿಯುವವನನ್ನು ಹಿಡಿಯುವುದು ಕಷ್ಟ, ಸುಲಿಯುವವನು ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತು ಎಂದರು ಅವರು. ಯಂತ್ರದ ಸದ್ದು ಮೈಲಿ ದೂರ ಕೇಳುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಯಂತ್ರ ಸ್ಥಾಪನೆಗೆ ಪಂಚಾಯಿತಿಯ ಅನುಮತಿ ಬೇಕು. ಆ ಅನುಮತಿಗೇ ಷರತ್ತು ಕಟ್ಟಿದರು: ಬಾಡಿಗೆಗೆ ಅಥವಾ ಚೇಣಿಗೆ ಸುಲಿಯುವ ಪ್ರತಿ ಕಣದವರು ಕೊಯ್ಲಿಗೆ ಮುಂಚೆ ಠೇವಣಿ ಇಡಬೇಕು. ಯಾರ ತೋಟದಿಂದ ಎಷ್ಟು ಹಸಿ ಅಡಿಕೆ ಬಂತು, ಸಿಪ್ಪೆ ಎಲ್ಲಿಗೆ ಹೋಯಿತು ಎಂದು ಪುಸ್ತಕದಲ್ಲಿ ಬರೆಯಬೇಕು, ಸಿಪ್ಪೆ ಪಡೆದವರ ಸಹಿ ಹಾಕಿಸಬೇಕು. ಪುಸ್ತಕ ಸರಿಯಿದ್ದರೆ ಯುಗಾದಿ ಹೊತ್ತಿಗೆ ಠೇವಣಿ ವಾಪಸ್. ತಿರುವಿನಲ್ಲಿ ಹೊಸ ಸಿಪ್ಪೆ ಕಂಡರೆ ಎಲ್ಲ ಕಣದವರ ಠೇವಣಿಯಿಂದಲೂ ತೆರವಿನ ಖರ್ಚು ಮುರಿದುಕೊಳ್ಳುವುದು.

ಈ ಕೊನೆಯ ಷರತ್ತಿಗೆ ದೊಡ್ಡ ಗಲಾಟೆಯಾಯಿತು. ಒಬ್ಬನ ತಪ್ಪಿಗೆ ಎಲ್ಲರಿಗೂ ಶಿಕ್ಷೆಯೇ ಎಂದು ಕೇಳಿದರು. ಅನ್ಯಾಯದ ಷರತ್ತೇ ಅದು, ಆದರೆ ಕೆಲಸ ಮಾಡಿದ್ದೂ ಅದೇ. ಕಣದವರೇ ಒಬ್ಬರ ಮೇಲೊಬ್ಬರು ಕಣ್ಣಿಡಲಾರಂಭಿಸಿದರು. ಪಂಚಾಯಿತಿಗೆ ಕಾವಲುಗಾರ ಬೇಕಾಗಲಿಲ್ಲ.

ಠೇವಣಿ ಬಂದ ಮೇಲೆ ನಡೆದದ್ದರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಸಿಪ್ಪೆಗೆ ಹುಟ್ಟಿಕೊಂಡ ಸಣ್ಣ ವ್ಯಾಪಾರ. ಸುರಿಯುವುದಕ್ಕೆ ಖರ್ಚು ಬಂದ ಕೂಡಲೇ ಒಯ್ಯುವವರಿಗೆ ಕಾಸು ಕೊಡುವುದು ಲಾಭವಾಯಿತು. ಹೊಸದಾಗಿ ಗುಡ್ಡದಲ್ಲಿ ತೋಟ ಹಾಕಿದ, ಮಣ್ಣಿನಲ್ಲಿ ಏನೂ ಸಾರವಿಲ್ಲದ ಇಬ್ಬರು “ಸಾಗಣೆ ನೀವೇ ಮಾಡಿದರೆ ನಾವು ಹಾಕಿಸಿಕೊಳ್ಳುತ್ತೇವೆ” ಎಂದು ಮುಂದೆ ಬಂದರು. ಸಸಿಗಳ ಸಾಲಿನ ನಡುವೆ ಮುಚ್ಚಿಗೆಯಾಗಿ ಹರಡಿದರು. ಬೇಸಿಗೆಯಲ್ಲಿ ಕಡಿಮೆ ನೀರು ಸಾಕಾಯಿತು ಎಂಬುದು ಅವರ ಅನುಭವ. ಒಣಗಿದ ಸಿಪ್ಪೆಯನ್ನು ಚೇಣಿದಾರರು ಹಂಡೆಯ ಒಲೆಗೇ ಉರುವಲಾಗಿ ಬಳಸತೊಡಗಿದರು, ಅಷ್ಟರಮಟ್ಟಿಗೆ ಕಟ್ಟಿಗೆ ಉಳಿಯಿತು. ಇಷ್ಟು ವರ್ಷ ಅವರಿಗೆ ಇದೇಕೆ ಹೊಳೆದಿರಲಿಲ್ಲ? ಸಿಪ್ಪೆ ಒಣಗಿಸಲು ಜಾಗ ಬೇಕು, ಆಳು ಬೇಕು. ತಿರುವು ಪುಕ್ಕಟೆ ಇದ್ದಾಗ ಆ ತಲೆನೋವು ಏಕೆ ಬೇಕಿತ್ತು? ನಿಯಮ ಮಾಡಿದ್ದು ಒಂದೇ, ಪುಕ್ಕಟೆ ದಾರಿಯನ್ನು ಮುಚ್ಚಿದ್ದು. ಉಳಿದ ಉಪಾಯಗಳನ್ನೆಲ್ಲ ವ್ಯಾಪಾರಿಗಳೇ ಕಂಡುಕೊಂಡರು, ಪಂಚಾಯಿತಿಯ ಸದಸ್ಯರ ತಲೆಗೆ ಅವು ಹೊಳೆಯುತ್ತಲೂ ಇರಲಿಲ್ಲ.

ತಿರುವು ಈಗ ಬಹುಮಟ್ಟಿಗೆ ಖಾಲಿ. ಹಳೆಯ ಕಪ್ಪು ರಾಶಿಯನ್ನು ತೆಗೆಯಲು ಯಾರ ಠೇವಣಿಯೂ ಇಲ್ಲದ್ದರಿಂದ ಅದು ಅಲ್ಲೇ ಇದೆ, ಮೇಲೆ ಯುಪಟೋರಿಯಂ ಕಳೆ ಬೆಳೆದಿದೆ. ಕೋಳಿ ಅಂಗಡಿಯವರು ಠೇವಣಿಯ ಲೆಕ್ಕಕ್ಕೆ ಬರುವುದಿಲ್ಲ, ಅವರ ಚೀಲಗಳು ಬರುತ್ತಲೇ ಇವೆ. ಪಂಚಾಯಿತಿಯ ಗಡಿ ಮುಗಿಯುವುದು ತಿರುವಿನಿಂದ ಸ್ವಲ್ಪ ಮುಂದಿನ ಸೇತುವೆಯಲ್ಲಿ. ಸೇತುವೆಯ ಆಚೆ ಠೇವಣಿ ಇಲ್ಲ, ಪುಸ್ತಕವೂ ಇಲ್ಲ. ತಾಲ್ಲೂಕಿನ ಎಲ್ಲ ಪಂಚಾಯಿತಿಗಳೂ ಒಂದೇ ಷರತ್ತು ಹಾಕಲಿ ಎಂದು ನಮ್ಮವರು ಮನವಿ ಕೊಟ್ಟಿದ್ದಾರೆ. ಅದು ಕಡತದಲ್ಲಿದೆ.

ಎರಡನೆಯ ವರ್ಷ ಚೇಣಿದಾರರು ಯಂತ್ರವನ್ನು ಸೇತುವೆಯ ಆಚೆಗೆ ಸಾಗಿಸಿದರು. ಬೆಳೆಗಾರರಿಗೆ ಕ್ವಿಂಟಾಲ್ ಹಸಿ ಅಡಿಕೆಗೆ ಮೊದಲಿಗಿಂತ ತುಸು ಹೆಚ್ಚು ಬೆಲೆ ಕೊಡಲು ಅವರಿಗೆ ಸಾಧ್ಯವಾಯಿತು, ಏಕೆಂದರೆ ಸಿಪ್ಪೆಯ ಖರ್ಚು ಉಳಿದಿತ್ತು. ಗ್ರಾಮಸಭೆಯಲ್ಲಿ ಠೇವಣಿಗೆ ಕೈ ಎತ್ತಿದ್ದ ಬೆಳೆಗಾರರಲ್ಲಿ ಕೆಲವರು ಆ ಬೆಲೆಗೆ ಫಸಲು ಕೊಟ್ಟರು. ಹಳ್ಳದ ಕೆಳಗಿನ ಹಿರಿಯರು ಕೊಡಲಿಲ್ಲ. ಅವರ ತೋಟದ ಅಡಿಕೆಯನ್ನು ಈಗ ಊರೊಳಗೇ ಉಳಿದ ಸಣ್ಣ ಕಣವೊಂದರಲ್ಲಿ ಸುಲಿಯುತ್ತಾರೆ, ಕ್ವಿಂಟಾಲಿಗೆ ಸ್ವಲ್ಪ ಕಡಿಮೆ ಬೆಲೆಗೆ.